ಲಂಡನ್-ಪ್ಯಾರಿಸ್ ಗೆರೆಯಿಂದ ಬಾಣಸವಾಡಿಯ ಸರಪಳಿಯವರೆಗೆ: ವಿಲಿಯಂ ಲ್ಯಾಂಬ್ಟನ್ ಅಳೆದ ನಾಡು

ಅನುಗೊಂಡನಹಳ್ಳಿ (ಹೊಸಕೋಟೆ ತಾ.): ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವೆ ಆಕಾಶಮಾರ್ಗದ ನೇರ ದೂರ ಸುಮಾರು 344 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನ ಈ ದೂರವನ್ನು 26 ನಿಮಿಷಗಳಲ್ಲಿ ಕ್ರಮಿಸಬೇಕು. ಆದರೆ ವಿಮಾನ ಸಂಸ್ಥೆಗಳ ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆಯ ಆಸುಪಾಸಿನ ಅವಧಿ ನಮೂದಾಗಿರುತ್ತದೆ. ಓಡುದಾರಿಯವರೆಗಿನ ನಿಧಾನಗತಿಯ ಸಂಚಾರ, ಮೇಲೇರುವಿಕೆ, ಇಳಿಯಲು ಸರದಿಗಾಗಿ ಕಾಯುವಿಕೆ, ಎದುರುಗಾಳಿ - ಇವೆಲ್ಲವೂ ಉಳಿದ ಸಮಯವನ್ನು ನುಂಗುತ್ತವೆ. ಹಾರಾಟದ ಅವಧಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ನೇರ ದೂರ ಮಾತ್ರ ಬದಲಾಗುವುದಿಲ್ಲ.

ಹಾಗಾದರೆ ಆ ದೂರವನ್ನು ಮೊದಲು ಅಳೆದವರಾರು? ನಡುವೆ ಸಮುದ್ರವಿದೆ, ಬೆಟ್ಟವಿದೆ, ಊರುಗಳಿವೆ. ಹಗ್ಗ ಹಿಡಿದು ಅಳೆಯಲು ಸಾಧ್ಯವಿಲ್ಲ. ಈ ಪ್ರಶ್ನೆಗೆ ಯೂರೋಪು ಹುಡುಕಿಕೊಂಡ ಉತ್ತರವು ಹದಿನಾರು ವರ್ಷಗಳೊಳಗೆ ಬೆಂಗಳೂರಿನ ಪೂರ್ವಭಾಗಕ್ಕೆ ಬಂದು ತಲುಪಿತು. ತಂದವನು ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ. ಎಚ್‌ಎಎಲ್ ವಿಮಾನ ನಿಲ್ದಾಣದಿಂದ 2008ರ ಮೇ ತಿಂಗಳವರೆಗೂ ಪ್ರಯಾಣಿಕ ವಿಮಾನಗಳು ಹಾರಾಡುತ್ತಿದ್ದಾಗ, ಪೂರ್ವದಿಂದ ಇಳಿಯುವ ವಿಮಾನಗಳ ಸದ್ದು ವೈಟ್‌ಫೀಲ್ಡ್-ಅನುಗೊಂಡನಹಳ್ಳಿ ಸೀಮೆಗೆ ಹೊಸದಾಗಿರಲಿಲ್ಲ. ಆ ಆಕಾಶಕ್ಕೆ ಎರಡು ಶತಮಾನಗಳಷ್ಟು ಹಿಂದೆಯೇ, ಮದ್ರಾಸಿಗೂ ಬೆಂಗಳೂರಿಗೂ ನಡುವಣ ಈ ಬಯಲು ಸೀಮೆಯ ಮೇಲೆ, ಕಣ್ಣಿಗೆ ಕಾಣದ ತ್ರಿಕೋನಗಳನ್ನು ಹೆಣೆದವನು ಈತ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ನಾರ್ಥಲರ್ಟನ್ ಪಟ್ಟಣದ ಸಮೀಪ, ಬಡ ಕುಟುಂಬವೊಂದರಲ್ಲಿ 1750ರ ದಶಕದಲ್ಲಿ ಜನಿಸಿದ. ಹುಟ್ಟಿದ ವರ್ಷದ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಗಣಿತದಲ್ಲಿ ಚುರುಕಾಗಿದ್ದ ಹುಡುಗನಿಗೆ ಊರಿನ ಗ್ರಾಮರ್ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. 1781ರಲ್ಲಿ 33ನೇ ಕಾಲ್ದಳದಲ್ಲಿ ಕೆಳಹಂತದ ಅಧಿಕಾರಿಯಾಗಿ ಸೇರಿದ. ಅಮೆರಿಕದ ಸ್ವಾತಂತ್ರ್ಯ ಸಮರದ ಕೊನೆಯ ಘಟ್ಟವದು. ಅದೇ ವರ್ಷ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನೆ ಶರಣಾದಾಗ ಈತನೂ ಸೆರೆಯಾದ. ಬಿಡುಗಡೆಯ ನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಸೈನಿಕ ವಸತಿಗಳ ಉಸ್ತುವಾರಿ ನೋಡಿಕೊಳ್ಳುತ್ತ, ಗಡಿ ಹಾಗೂ ಜಮೀನುಗಳ ಮೋಜಣಿ ಮಾಡುತ್ತ ಹದಿಮೂರು ವರ್ಷ ಕಳೆದ. ಅಲ್ಲಿಯೇ ಸೂರ್ಯಗ್ರಹಣವೊಂದನ್ನು ಕಪ್ಪು ಗಾಜಿನ ರಕ್ಷಣೆಯಿಲ್ಲದೆ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿಯನ್ನು ಕೆಡಿಸಿಕೊಂಡ. ಮುಂದಿನ ಜೀವನವನ್ನೆಲ್ಲ ದೂರದರ್ಶಕದೊಳಗೆ ಇಣುಕುತ್ತಲೇ ಕಳೆಯಬೇಕಾಗಿದ್ದ ವ್ಯಕ್ತಿಗೆ ಉಳಿದದ್ದು ಒಂದೇ ಕಣ್ಣು.

ಆ ವರ್ಷಗಳಲ್ಲಿ ಯೂರೋಪಿನಲ್ಲಿ ವಿಚಿತ್ರವಾದ ವಿವಾದವೊಂದು ನಡೆದಿತ್ತು. ಗ್ರೀನಿಚ್ ವೀಕ್ಷಣಾಲಯದ ಅಕ್ಷಾಂಶ ರೇಖಾಂಶಗಳು ಸರಿಯಾಗಿಲ್ಲವೆಂಬ ಅನುಮಾನವನ್ನು ಫ್ರಾನ್ಸಿನ ಕಸಿನಿ 1783ರಲ್ಲಿ ಎತ್ತಿದ. ಇದನ್ನು ಪರಿಹರಿಸಲು ಲಂಡನ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳ ನಡುವೆ ತ್ರಿಕೋನಗಳ ಸರಣಿಯನ್ನು ಹಾಯಿಸುವುದೆಂದು ನಿರ್ಧಾರವಾಯಿತು. ಇಂಗ್ಲೆಂಡಿನ ಕಡೆಯ ಹೊಣೆ ಹೊತ್ತವನು ಜನರಲ್ ವಿಲಿಯಂ ರಾಯ್. ಈತ 1784ರಲ್ಲಿ ಲಂಡನ್ನಿನ ಹೊರವಲಯದ ಹೌನ್ಸ್‌ಲೋ ಬಯಲಿನಲ್ಲಿ ಐದು ಮೈಲಿಗೂ ತುಸು ಹೆಚ್ಚಿನ ಒಂದು ನೇರ ಗೆರೆಯನ್ನು ಗಾಜಿನ ಕೊಳವೆಗಳ ಸಹಾಯದಿಂದ ಅಳೆದ. ಉಳಿದದ್ದೆಲ್ಲ ಕೋನಗಳ ಕೆಲಸ. ತ್ರಿಕೋನದ ಒಂದು ಬದಿ ಹಾಗೂ ಕೋನಗಳು ತಿಳಿದರೆ ಉಳಿದ ಎರಡು ಬದಿಗಳು ಲೆಕ್ಕದಿಂದಲೇ ದೊರೆಯುತ್ತವೆ. ಆ ಬದಿಯ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. 1787ರಲ್ಲಿ ಇಂಗ್ಲಿಷ್ ಕಾಲುವೆಯ ಎರಡೂ ದಡಗಳಲ್ಲಿ ರಾತ್ರಿ ಬೆಳಗಿಸಿದ ಬಿಳಿಯ ದೀಪಗಳನ್ನು ಪರಸ್ಪರ ನೋಡಿ ಎರಡು ದೇಶಗಳ ತ್ರಿಕೋನಗಳನ್ನು ಜೋಡಿಸಲಾಯಿತು. ಸಮುದ್ರವನ್ನು ದಾಟದೆಯೇ ಅದರ ಅಗಲವನ್ನು ಅಳೆದಂತಾಯಿತು.

ಕಾಕತಾಳೀಯವೆನ್ನಬೇಕು, 1919ರ ಆಗಸ್ಟ್ 25ರಂದು ಲಂಡನ್-ಪ್ಯಾರಿಸ್ ನಡುವಣ ಮೊದಲ ದೈನಂದಿನ ವಿಮಾನ ಸೇವೆ ಆರಂಭವಾದದ್ದು ಅದೇ ಹೌನ್ಸ್‌ಲೋ ಬಯಲಿನಿಂದ. ಅಂದಿನ ಹಾರಾಟ ಸುಮಾರು ಎರಡೂವರೆ ಗಂಟೆ ಹಿಡಿಯುತ್ತಿತ್ತು. ರಾಯ್ ಎಳೆದ ಗೆರೆಯ ಒಂದು ತುದಿಯನ್ನು ಗುರುತಿಸಲು ನೆಲದಲ್ಲಿ ಹೂತ ಫಿರಂಗಿ ಇಂದಿಗೂ ಹೀಥ್ರೋ ವಿಮಾನ ನಿಲ್ದಾಣದ ಅಂಚಿನಲ್ಲಿದೆ.

ರಾಯ್‌ನ ವರದಿಗಳನ್ನು ಲ್ಯಾಂಬ್ಟನ್ ಆಸಕ್ತಿಯಿಂದ ಓದಿಕೊಂಡಿದ್ದ. 1790ರ ದಶಕದ ಕೊನೆಯಲ್ಲಿ ತನ್ನ ದಳವನ್ನು ಸೇರಿಕೊಳ್ಳಲು ಭಾರತಕ್ಕೆ ಬಂದಾಗ, ಅದರ ನಾಯಕನಾಗಿದ್ದವನು ಆರ್ಥರ್ ವೆಲ್ಲೆಸ್ಲಿ - ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಪ್ರಸಿದ್ಧನಾದವನು. ಟಿಪ್ಪು ಸುಲ್ತಾನನ ವಿರುದ್ಧದ ನಾಲ್ಕನೇ ಮೈಸೂರು ಯುದ್ಧದಲ್ಲಿ ಲ್ಯಾಂಬ್ಟನ್ ಜನರಲ್ ಬೇರ್ಡ್‌ನ ತುಕಡಿಯಲ್ಲಿದ್ದ. 1799ರ ಏಪ್ರಿಲ್ ತಿಂಗಳ ಒಂದು ರಾತ್ರಿ ಶ್ರೀರಂಗಪಟ್ಟಣದ ಸಮೀಪದ ಸುಲ್ತಾನಪೇಟೆ ತೋಪಿನಿಂದ ಹಿಂದಿರುಗುವಾಗ ಬೇರ್ಡ್‌ನ ಪಡೆ ದಿಕ್ಕು ತಪ್ಪಿತು. ದಕ್ಷಿಣಕ್ಕೆ ಸಾಗಬೇಕಿದ್ದ ಪಡೆ ಉತ್ತರಕ್ಕೆ, ಅಂದರೆ ನೇರವಾಗಿ ಟಿಪ್ಪುವಿನ ಸೈನ್ಯದ ಕಡೆಗೇ ನಡೆದಿತ್ತು. ನಕ್ಷತ್ರಗಳನ್ನು ನೋಡಿ ಇದನ್ನು ಗುರುತಿಸಿದ ಲ್ಯಾಂಬ್ಟನ್ ಎಚ್ಚರಿಸಿದಾಗ ಬೇರ್ಡ್ ಮೊದಲು ನಂಬಲಿಲ್ಲ. ದಿಕ್ಸೂಚಿಯನ್ನು ನೋಡಿದ ಮೇಲಷ್ಟೇ ಪಡೆ ಹಿಂದಕ್ಕೆ ತಿರುಗಿತು. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ. ಆ ರಾತ್ರಿ ಪಡೆ ಹಾಗೆಯೇ ಮುಂದುವರಿದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಸ್ವಾತಂತ್ರ್ಯ ಕನ್ನಡ ಓದುಗರಿಗೂ ಇದೆ.

ಗೆದ್ದ ನಾಡನ್ನು ತಿಳಿದುಕೊಳ್ಳಲು ಕಂಪನಿ ಸರ್ಕಾರ ಏಕಕಾಲಕ್ಕೆ ಮೂರು ಪರಿಶೀಲನೆಗಳಿಗೆ ಕೈಹಾಕಿತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ನಕ್ಷೆ ಹಾಗೂ ವಿವರಗಳನ್ನು ಸಂಗ್ರಹಿಸಬೇಕಿತ್ತು. ಫ್ರಾನ್ಸಿಸ್ ಬುಕಾನನ್ ಬೇಸಾಯ ಮತ್ತು ಜನಜೀವನವನ್ನು ದಾಖಲಿಸಬೇಕಿತ್ತು. ಮೂರನೆಯದು ಲ್ಯಾಂಬ್ಟನ್ ತಾನಾಗಿಯೇ ಮುಂದಿಟ್ಟ ಯೋಜನೆ. ಪರ್ಯಾಯ ದ್ವೀಪದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ರಾಯ್‌ನ ಮಾದರಿಯಲ್ಲಿ ತ್ರಿಕೋನಗಳನ್ನು ಹಾಯಿಸುವುದು, ಜೊತೆಗೆ ಭೂಮಿಯ ಆಕಾರವನ್ನೇ ಲೆಕ್ಕ ಹಾಕುವುದು ಆತನ ಉದ್ದೇಶವಾಗಿತ್ತು. ಮೊದಲೆರಡು ಯೋಜನೆಗಳ ಉಪಯೋಗ ಕಂದಾಯ ಅಧಿಕಾರಿಗೂ ಅರ್ಥವಾಗುತ್ತಿತ್ತು. ಮೂರನೆಯದು ಅನೇಕರಿಗೆ ಅರ್ಥವಾಗಲಿಲ್ಲ. ವೆಲ್ಲೆಸ್ಲಿಯ ಬೆಂಬಲವಿದ್ದುದರಿಂದ ಮದ್ರಾಸ್ ಸರ್ಕಾರ 1800ರ ಫೆಬ್ರುವರಿಯಲ್ಲಿ ಒಪ್ಪಿಗೆ ನೀಡಿತು.

ಸಲಕರಣೆಗಳು ದೊರೆತದ್ದೂ ಒಂದು ಸ್ವಾರಸ್ಯಕರ ಸಂಗತಿ. ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿದ್ದ ನೂರು ಅಡಿಯ ಉಕ್ಕಿನ ಸರಪಳಿ ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತೆಗೆ ಬಂದು ಬಿದ್ದಿತ್ತು. ಲ್ಯಾಂಬ್ಟನ್‌ಗೆ ಬೇಕಾದದ್ದು ಅದೇ. ತಲಾ ಎರಡೂವರೆ ಅಡಿಯ ನಲವತ್ತು ಕೊಂಡಿಗಳ ಆ ಸರಪಳಿ ಬೆಂಗಳೂರಿಗೆ ಬಂದಿತು.

1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಾಣಸವಾಡಿಯಿಂದ ಅಗರದ ಕಡೆಗೆ ಮೊದಲ ಆಧಾರರೇಖೆಯ ಅಳತೆ ನಡೆಯಿತು. ಉದ್ದ 7.43 ಮೈಲಿ, ಅಂದರೆ ಹನ್ನೆರಡು ಕಿಲೋಮೀಟರಿಗೆ ಸಮೀಪ. ಸರಪಳಿಯನ್ನು ಸುಮಾರು 390 ಬಾರಿ ಹಾಸಿ ಎತ್ತಬೇಕಾಯಿತು. ನೆಲದ ಮೇಲೆ ಎಳೆದುಕೊಂಡು ಹೋಗುವ ಕೆಲಸವಲ್ಲ ಇದು. ಮುಕ್ಕಾಲಿಗಳ ಮೇಲೆ ಮರದ ತೊಟ್ಟಿಗಳನ್ನು ಸಮಮಟ್ಟದಲ್ಲಿ ಜೋಡಿಸಿ, ಅವುಗಳೊಳಗೆ ಸರಪಳಿಯನ್ನು ಬಿಗಿಯಾಗಿ ಹಾಸಿ, ಬಿಸಿಲು ತಾಗದಂತೆ ಡೇರೆಯ ನೆರಳು ಹಿಡಿದು, ಉಷ್ಣಮಾಪಕಗಳನ್ನು ಪಕ್ಕದಲ್ಲಿಟ್ಟು ಪ್ರತಿ ಸಲವೂ ಉಷ್ಣತೆಯನ್ನು ಬರೆದುಕೊಳ್ಳಬೇಕಿತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಹಿಗ್ಗಿದ ಸರಪಳಿ ನೆಲವನ್ನು ಇದ್ದುದಕ್ಕಿಂತ ಚಿಕ್ಕದಾಗಿ ತೋರಿಸುತ್ತದೆ.

ಬೆಂಗಳೂರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಈ ಊರಿನಲ್ಲಿ ಎಳೆದ ಗೆರೆ, ಭೂಮಿಯ ಕೇಂದ್ರದಿಂದ ಅಷ್ಟು ದೂರವಿರುವುದರಿಂದ, ಸಮುದ್ರಮಟ್ಟದ ಗೆರೆಗಿಂತ ತುಸು ಉದ್ದ. ಹನ್ನೆರಡು ಕಿಲೋಮೀಟರ್ ಉದ್ದಕ್ಕೆ ಈ ವ್ಯತ್ಯಾಸ ಐದೂವರೆ ಅಡಿಯಷ್ಟಾಗುತ್ತದೆ. ಅದೇ ರೀತಿ ಗೋಳದ ಮೇಲಿನ ತ್ರಿಕೋನದ ಮೂರು ಕೋನಗಳ ಮೊತ್ತ ಶಾಲೆಯಲ್ಲಿ ಕಲಿತಂತೆ ನಿಖರವಾಗಿ 180 ಡಿಗ್ರಿ ಇರುವುದಿಲ್ಲ. ಪ್ರತಿ 197 ಚದರ ಕಿಲೋಮೀಟರಿಗೆ ಒಂದು ವಿಕಲೆಯಷ್ಟು ಹೆಚ್ಚಿರುತ್ತದೆ. ಒಂದು ವಿಕಲೆಯೆಂದರೆ ಡಿಗ್ರಿಯ 3,600ನೇ ಒಂದು ಭಾಗ. ಇಷ್ಟು ಸೂಕ್ಷ್ಮವನ್ನು ಬಿಟ್ಟುಬಿಟ್ಟರೆ ಬೆಂಗಳೂರಿನಲ್ಲಿ ಕಾಣದ ತಪ್ಪು ಕನ್ಯಾಕುಮಾರಿಯ ಹೊತ್ತಿಗೆ ಬೆಳೆದು ನಿಲ್ಲುತ್ತದೆ. ಇಂದಿನ ವಿಮಾನಗಳ ಮಾರ್ಗಗಣನೆಯೂ ಇದೇ ಗೋಳದ ಲೆಕ್ಕ. ಚಪ್ಪಟೆ ನಕ್ಷೆಯಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಅಡಿಕೋಲಿಟ್ಟು ಎಳೆದ ಗೆರೆ ಅತ್ಯಂತ ಹತ್ತಿರದ ದಾರಿಯಲ್ಲ. ನಕ್ಷೆಯಲ್ಲಿ ಉತ್ತರಕ್ಕೆ ಬಾಗಿದಂತೆ ಕಾಣುವ ಕಮಾನಿನಾಕಾರದ ದಾರಿಯೇ ಹತ್ತಿರದ್ದು. ಅದರ ಉದ್ದ ಸುಮಾರು ಎಂಟು ಸಾವಿರ ಕಿಲೋಮೀಟರ್.

ಕೋನಗಳನ್ನು ಅಳೆಯಲು ಲಂಡನ್ನಿನ ಕ್ಯಾರಿ ಎಂಬ ಕುಶಲಕರ್ಮಿಯಿಂದ ದೊಡ್ಡ ಥಿಯೋಡೊಲೈಟನ್ನು ತರಿಸಲಾಯಿತು. ಮೂರು ಅಡಿ ವ್ಯಾಸದ ಚಕ್ರವುಳ್ಳ, ಅರ್ಧ ಟನ್ ತೂಗುವ ಈ ಯಂತ್ರ ಬರುತ್ತಿದ್ದ ಹಡಗು ಫ್ರೆಂಚರ ವಶವಾಯಿತು. ಆದರೆ ಮಾರಿಷಸ್‌ನಲ್ಲಿದ್ದ ಫ್ರೆಂಚ್ ಗವರ್ನರ್ ವಿಜ್ಞಾನದ ಉಪಕರಣವೆಂದು ಗೌರವದಿಂದ ಅದನ್ನು ಮದ್ರಾಸಿಗೆ ಕಳುಹಿಸಿಕೊಟ್ಟ. ಶತ್ರುಗಳ ನಡುವೆಯೂ ಇಂಥ ನಡವಳಿಕೆ ಇದ್ದ ಕಾಲವದು. 1802ರ ಏಪ್ರಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆಯ ಅಳತೆ ಆರಂಭವಾಯಿತು. ಅಲ್ಲಿಂದ ತ್ರಿಕೋನಗಳು ಪಶ್ಚಿಮಕ್ಕೆ, ಬೆಂಗಳೂರಿನ ಕಡೆಗೆ ಹೊರಟವು.

ಅಷ್ಟರಲ್ಲಿ ಮದ್ರಾಸಿನ ಹಣಕಾಸು ವಲಯದಲ್ಲಿ ಅಪಸ್ವರ ಎದ್ದಿತು. ಶ್ರೀರಂಗಪಟ್ಟಣಕ್ಕೆ ಹೋಗಬೇಕೆಂದರೆ ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅವರೇ ದಾರಿ ಕಂಡುಕೊಳ್ಳುತ್ತಾರೆ, ಅದಕ್ಕಾಗಿ ಇಷ್ಟು ಖರ್ಚಿನ ಮೋಜಣಿ ಏಕೆ ಎಂದು ಸಮಿತಿಯ ಸದಸ್ಯನೊಬ್ಬ ಆಕ್ಷೇಪಿಸಿದನೆಂಬ ಪ್ರತೀತಿ ಇದೆ. ಕೇಳಲು ಹಾಸ್ಯಾಸ್ಪದವಾದರೂ ಇದು ಬರಿಯ ಮೂರ್ಖತನದ ಪ್ರಶ್ನೆಯಲ್ಲ. ರಸ್ತೆಯಲ್ಲಿ ನಡೆಯುವವನಿಗೆ ರಸ್ತೆಯ ದೂರ ಬೇಕೇ ವಿನಾ ಆಕಾಶದ ದೂರವಲ್ಲ. ಆಕಾಶದಲ್ಲಿ ಮನುಷ್ಯ ವಿಮಾನವೇರಿ ಸಂಚರಿಸಲು ಇನ್ನೂ ನೂರು ವರ್ಷ ಬಾಕಿ ಇತ್ತು. ಅತ್ತ ಬಂಗಾಳದ ಮೊದಲ ಸರ್ವೇಯರ್ ಜನರಲ್ ಆಗಿದ್ದ ಪ್ರಸಿದ್ಧ ಭೂಗೋಳಜ್ಞ ಜೇಮ್ಸ್ ರೆನೆಲ್‌ಗೂ ಈ ಶ್ರಮ ಅನಗತ್ಯವೆನಿಸಿತ್ತು.

ಉತ್ತರವನ್ನು ಲ್ಯಾಂಬ್ಟನ್ ಅಂಕಿಗಳಲ್ಲೇ ಕೊಡಬೇಕಾಯಿತು. 1804ರಲ್ಲಿ ಆತನ ಸಹಾಯಕ ಜಾನ್ ವಾರನ್ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಸುಮಾರು ಮುನ್ನೂರು ಕಿಲೋಮೀಟರ್ ದಾಟಿ ಬಂದ ಲೆಕ್ಕವು ಆ ಗೆರೆಯ ಉದ್ದವನ್ನು ಮೊದಲೇ ಹೇಳಿತ್ತು. ಏಳು ಮೈಲಿಗೂ ಮೀರಿದ ಗೆರೆಯಲ್ಲಿ ಲೆಕ್ಕಕ್ಕೂ ಸರಪಳಿಗೂ ಬಂದ ವ್ಯತ್ಯಾಸ 3.7 ಅಂಗುಲ ಮಾತ್ರ. ಒಂದು ಗೇಣಿನ ಅರ್ಧದಷ್ಟೂ ಇಲ್ಲ. (ಇದೇ ವಾರನ್ 1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಗುರುತಿಸುವಾಗ ಕೋಲಾರ ಸೀಮೆಯ ಚಿನ್ನದ ಬಗ್ಗೆ ವಿಚಾರಿಸಿ ವರದಿ ಬರೆದವನು. ಕೆಜಿಎಫ್ ಚರಿತ್ರೆಯಲ್ಲಿ ಆತನ ಹೆಸರು ಇಂದಿಗೂ ಮೊದಲ ಪುಟದಲ್ಲಿದೆ.)

ಬೆಂಗಳೂರಿನಿಂದ ಪಶ್ಚಿಮಕ್ಕೆ ಸಾಗಿದ ಸರಣಿ ಬಲ್ಲಾಳರಾಯನ ದುರ್ಗ, ಕೊಡಗಿನ ತಡಿಯಂಡಮೋಳ್ ಮುಂತಾದ ಶಿಖರಗಳನ್ನು ಮೆಟ್ಟಿಲು ಮಾಡಿಕೊಂಡು ಮಂಗಳೂರಿನ ಕಡಲನ್ನು ಮುಟ್ಟಿತು. ಫಲಿತಾಂಶ ನಕ್ಷೆ ತಯಾರಕರನ್ನು ಬೆಚ್ಚಿಬೀಳಿಸಿತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಂದಿನ ನಕ್ಷೆಗಳು ತೋರಿಸುತ್ತಿದ್ದವು. ನಿಜವಾದ ದೂರ 360 ಮೈಲಿ. ನಕ್ಷೆಯ ಮೇಲಿದ್ದ ನಲವತ್ತು ಮೈಲಿ ಅಗಲದ ನಾಡು ನೆಲದ ಮೇಲೆ ಇರಲೇ ಇಲ್ಲ! ಇಂದಿನ ಉಪಗ್ರಹಗಳ ಲೆಕ್ಕ ಸುಮಾರು 585 ಕಿಲೋಮೀಟರ್ ಎನ್ನುತ್ತದೆ. 360 ಮೈಲಿಯನ್ನು ಕಿಲೋಮೀಟರಿಗೆ ಪರಿವರ್ತಿಸಿದರೆ ಬರುವುದು 580ರ ಆಸುಪಾಸು. ಬೆಂಗಳೂರು ಈ ಗೆರೆಯ ಹೆಚ್ಚುಕಡಿಮೆ ನಟ್ಟನಡುವೆ ಇದೆ ಎಂಬುದೂ ಗಮನಾರ್ಹ. ಚೆನ್ನೈಗೂ ಮಂಗಳೂರಿಗೂ ಇಲ್ಲಿಂದ ಆಕಾಶಮಾರ್ಗದಲ್ಲಿ ತಲಾ 290 ಕಿಲೋಮೀಟರ್ ಚಿಲ್ಲರೆ. ಎರಡೂ ಕಡೆಗೆ ವಿಮಾನದಲ್ಲಿ ಒಂದು ಗಂಟೆಯ ಆಸುಪಾಸಿನ ಪ್ರಯಾಣ. ರಸ್ತೆಯಲ್ಲಿ ಮಾತ್ರ ಎರಡೂ ಕಡೆಗೆ 350 ಕಿಲೋಮೀಟರಿನಷ್ಟು ಹೋಗಬೇಕು. ಮಂಗಳೂರಿನ ದಾರಿಯಲ್ಲಿ ಘಟ್ಟವಿರುವುದರಿಂದ ಅಲ್ಲಿಯ ಸಮಯವನ್ನು ಯಾವ ತ್ರಿಕೋನವೂ ಹೇಳಲಾರದು.

ಈ ಸಾಧನೆಯ ಹಿಂದೆ ಇದ್ದ ಶ್ರಮಿಕರ ಬಗ್ಗೆ ಒಂದು ಮಾತು ಹೇಳಬೇಕು. ಅರ್ಧ ಟನ್ನಿನ ಯಂತ್ರವನ್ನು ಬೆಟ್ಟದ ತುದಿಗೆ ಹೊತ್ತವರು, ಕಾಡು ಕಡಿದು ದೃಷ್ಟಿಯ ದಾರಿ ತೆರೆದವರು, ದೂರದ ಶಿಖರದಲ್ಲಿ ಬಾವುಟ ಹಿಡಿದು ವಾರಗಟ್ಟಲೆ ಕಾದವರು ಈ ನಾಡಿನ ಜನ. ಜ್ವರಕ್ಕೆ ಮೊದಲು ತುತ್ತಾದವರೂ ಅವರೇ. ಅವರಲ್ಲಿ ಬಹುಪಾಲು ಮಂದಿಯ ಹೆಸರು ಉಳಿದಿಲ್ಲ. ದೂರದರ್ಶಕ ಹಿಡಿದು ಬೆಟ್ಟದ ಮೇಲೆ ನಿಂತ ಪರಕೀಯರನ್ನು ಸ್ಥಳೀಯರು ಸಂಶಯದಿಂದ ನೋಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಳತೆಯ ಹಿಂದೆಯೇ ಕಂದಾಯವೂ ಕವಾಯತೂ ಬರುತ್ತವೆಂಬುದು ಜನರಿಗೆ ತಿಳಿದಿತ್ತು. ಲ್ಯಾಂಬ್ಟನ್‌ನ ಆಸಕ್ತಿ ಭೂಮಿಯ ಆಕಾರದಲ್ಲಿದ್ದಿರಬಹುದು. ಹಣ ಕೊಟ್ಟ ಕಂಪನಿಯ ಆಸಕ್ತಿ ಭೂಮಿಯಲ್ಲೇ ಇತ್ತು.

ಕರಾವಳಿಯಿಂದ ಕರಾವಳಿಗೆ ಗೆರೆ ಮುಗಿದ ಮೇಲೆ ಲ್ಯಾಂಬ್ಟನ್ ದಕ್ಷಿಣೋತ್ತರವಾಗಿ ಮತ್ತೊಂದು ಮಹಾಸರಣಿಯನ್ನು ಹಿಡಿದ. ಬೆಂಗಳೂರಿನ ದೊಡ್ಡಗುಂಟೆಯಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ಗೊತ್ತುಪಡಿಸಿಕೊಂಡು ಕನ್ಯಾಕುಮಾರಿಯ ಕಡೆಗೆ ಹೊರಟ. ತಮಿಳುನಾಡಿನ ಬಯಲಿನಲ್ಲಿ ಬೆಟ್ಟಗಳಿಲ್ಲದ ಕಡೆ ದೇವಾಲಯಗಳ ಗೋಪುರಗಳೇ ಬೆಟ್ಟಗಳಾದವು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇಗುಲದಲ್ಲಿ ದೊಡ್ಡ ಥಿಯೋಡೊಲೈಟನ್ನು ಹಗ್ಗದಿಂದ ಮೇಲೆತ್ತುತ್ತಿದ್ದಾಗ ಹಗ್ಗ ತುಂಡಾಯಿತು. ಯಂತ್ರ ಗೋಡೆಗೆ ಅಪ್ಪಳಿಸಿ, ಕೋನಗಳನ್ನು ಗುರುತಿಸುವ ಚಕ್ರ ಸೊಟ್ಟಗಾಯಿತು. ಅಂಥ ಇನ್ನೊಂದು ಯಂತ್ರ ಭಾರತದಲ್ಲಿರಲಿಲ್ಲ. ಇಂಗ್ಲೆಂಡಿನಿಂದ ತರಿಸಲು ವರ್ಷಗಳೇ ಬೇಕಿತ್ತು. ಮೋಜಣಿಯನ್ನು ನಿಲ್ಲಿಸಲು ನೆಪ ಹುಡುಕುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡ. ಆರು ವಾರ ಚಕ್ರವನ್ನು ಬಿಚ್ಚಿ, ಅದರ ಮೂಲ ಗಾತ್ರದ ವೃತ್ತವನ್ನು ಬರೆದಿಟ್ಟುಕೊಂಡು, ತಿರುಪುಗಳಿಂದಲೂ ಕಪ್ಪಿಗಳಿಂದಲೂ ಕೂದಲೆಳೆಯಷ್ಟೇ ಎಳೆಯುತ್ತ ಅದನ್ನು ಮತ್ತೆ ವೃತ್ತಾಕಾರಕ್ಕೆ ತಂದ. ಐವತ್ತು ದಾಟಿದ, ಒಂದೇ ಕಣ್ಣಿನ ಮನುಷ್ಯ ಮಾಡಿದ ದುರಸ್ತಿಯಿದು. ಮುಂದಿನ ವರ್ಷವೇ ಸರಣಿ ಕನ್ಯಾಕುಮಾರಿಯನ್ನು ತಲುಪಿತು. ಆ ಥಿಯೋಡೊಲೈಟ್ ಇಂದು ಡೆಹ್ರಾಡೂನಿನ ಭಾರತೀಯ ಸರ್ವೇಕ್ಷಣಾ ಇಲಾಖೆಯಲ್ಲಿದೆ. ಆತನ ಬದುಕಿನ ಅತಿ ದೊಡ್ಡ ಸಾಹಸ ಯಾವುದೆಂದು ಕೇಳಿದರೆ ಈ ವರದಿಗಾರ ಯುದ್ಧಭೂಮಿಯ ನಕ್ಷತ್ರಗಳಿಗಿಂತ ಈ ಆರು ವಾರಗಳ ಕಡೆಗೇ ಬೆರಳು ತೋರಿಸುತ್ತಾನೆ.

ಅನಂತರ ತ್ರಿಕೋನಗಳು ಉತ್ತರಕ್ಕೆ ತಿರುಗಿ 1815ರಲ್ಲಿ ಬೀದರ್ ಸಮೀಪಕ್ಕೆ ಬಂದವು. ಅಲ್ಲಿ ಮತ್ತೊಂದು ಆಧಾರರೇಖೆ. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಲ್ಯಾಂಬ್ಟನ್‌ನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯೂ ಗೌರವಿಸಿತು. ಲಂಡನ್-ಪ್ಯಾರಿಸ್ ಅಳತೆಯಿಂದ ಪ್ರೇರಣೆ ಪಡೆದವನನ್ನು ಆ ಎರಡೂ ನಗರಗಳು ಒಪ್ಪಿಕೊಂಡವು. 1818ರ ಜನವರಿ 1ರಂದು ಆತನ ಕಾರ್ಯಕ್ಕೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂಬ ಅಧಿಕೃತ ಹೆಸರು ದೊರೆಯಿತು. ಅದೇ ವರ್ಷ ಸಹಾಯಕನಾಗಿ ಬಂದ ತರುಣ ಜಾರ್ಜ್ ಎವರೆಸ್ಟ್.

ಹೈದರಾಬಾದಿನಿಂದ ನಾಗಪುರದ ಕಡೆಗೆ ಶಿಬಿರವನ್ನು ಸಾಗಿಸುತ್ತಿದ್ದಾಗ 1823ರ ಜನವರಿ 20ರಂದು ಈಗಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಹಿಂಗಣಘಾಟಿನಲ್ಲಿ ಲ್ಯಾಂಬ್ಟನ್ ಕೊನೆಯುಸಿರೆಳೆದ. ವಯಸ್ಸು ಎಪ್ಪತ್ತರ ಆಸುಪಾಸು. ಕ್ಷಯ ಬಹುಕಾಲದಿಂದ ಬಾಧಿಸುತ್ತಿತ್ತು. ಅಷ್ಟರಲ್ಲಿ 1,65,000 ಚದರ ಮೈಲಿಗೂ ಹೆಚ್ಚಿನ ಪ್ರದೇಶ ತ್ರಿಕೋನಗಳೊಳಗೆ ಬಂದಿತ್ತು. ಸಮಾಧಿ ಅಲ್ಲಿಯೇ ಇದೆ.

ಸರಣಿಯನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದ ಎವರೆಸ್ಟ್‌ನ ಹೆಸರು 1865ರಲ್ಲಿ ಜಗತ್ತಿನ ಅತ್ಯುನ್ನತ ಶಿಖರಕ್ಕೆ ಅಂಟಿಕೊಂಡಿತು. ಲ್ಯಾಂಬ್ಟನ್‌ನ ಅಳತೆಗಳನ್ನೂ ಬಳಸಿ 1830ರಲ್ಲಿ ಗೊತ್ತುಪಡಿಸಿದ ಭೂಮಿಯ ಆಕಾರಕ್ಕೂ ಎವರೆಸ್ಟ್ ಗೋಳಾಭವೆಂದೇ ಹೆಸರು. ಅದರ ಪ್ರಕಾರ ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6,377.276 ಕಿಲೋಮೀಟರ್. ವಿಮಾನಗಳ ಜಿಪಿಎಸ್ ಇಂದು ಬಳಸುವ ಅಂಕಿ 6,378.137. ವ್ಯತ್ಯಾಸ ಒಂದು ಕಿಲೋಮೀಟರಿಗೂ ಕಡಿಮೆ. ಭಾರತದ ನಾಗರಿಕ ಬಳಕೆಯ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು ಬಿಟ್ಟು ಹೊಸ ಜಾಗತಿಕ ಅಳತೆಗೆ ಬದಲಾಗಬೇಕೆಂಬ ತೀರ್ಮಾನವಾದದ್ದು 2005ರ ರಾಷ್ಟ್ರೀಯ ನಕ್ಷಾ ನೀತಿಯಲ್ಲಿ.

ಬಾಣಸವಾಡಿಯಿಂದ ಅಗರದವರೆಗಿನ ಆ ಮೊದಲ ಗೆರೆಯ ದಾರಿಯೆಲ್ಲ ಈಗ ಮನೆ, ರಸ್ತೆ, ಮೇಲ್ಸೇತುವೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಆಯ್ಕೆಯಾದ ನೆಲ ಆ ಗೆರೆಗೆ ಬಹಳ ದೂರವೇನಲ್ಲ. 1868ರಲ್ಲಿ ಹೆಚ್ಚು ನಿಖರವಾದ ಲೋಹದ ಪಟ್ಟಿಗಳಿಂದ ಬೆಂಗಳೂರಿನಲ್ಲಿ ಹೊಸ ಆಧಾರರೇಖೆಯನ್ನು ಅಳೆದಾಗ ಅದರ ಈಶಾನ್ಯದ ತುದಿ ನಗರದ ಹೊರಗಿನ ಕಣ್ಣೂರು ಗ್ರಾಮದಲ್ಲಿ ಬಿದ್ದಿತು. 2008ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಹೊಸ ವಿಮಾನ ನಿಲ್ದಾಣಕ್ಕೆ ಹೆಣ್ಣೂರು-ಬಾಗಲೂರು ಮಾರ್ಗವಾಗಿ ಹೋಗುವವರು ಇಂದು ಆ ಊರಿನ ಪಕ್ಕದಲ್ಲೇ ಹಾದುಹೋಗುತ್ತಾರೆ.